ಗೋಡೆಯ ಚಿತ್ರ ಗ್ಯಾಲರಿಗೆ ಹೋಗುವಾಗ

20 ಅಡಿ ಗೋಡೆಯ ಚಿತ್ರವನ್ನು 4 ಅಡಿ ಕ್ಯಾನ್ವಾಸಿಗೆ ಇಳಿಸಿದರೆ ಒಂದು ಇಂಚಿನ ಗೆರೆ 5 ಮಿ.ಮೀ. ಆಗುತ್ತದೆ, ಚಿತ್ರದ ಜೀವ ಅಲ್ಲೇ ಹೋಗುತ್ತದೆ. ಗೋಡೆಯನ್ನು ರಸ್ತೆಯಾಚೆಯಿಂದ ನೋಡುತ್ತಾರೆ, ಕ್ಯಾನ್ವಾಸನ್ನು ನಾಲ್ಕೈದು ಅಡಿಯಿಂದ. ಹಾಗಾಗಿ ನಾನು ಇಡೀ ಚಿತ್ರವನ್ನು ಕುಗ್ಗಿಸುವುದಿಲ್ಲ. ಅದರೊಳಗಿನ 4×4 ಅಡಿ ತುಂಡೊಂದನ್ನು ಆರಿಸಿ, ಅದೇ ಅಳತೆಯಲ್ಲಿ, ಅದೇ 3 ಇಂಚಿನ ಬ್ರಷ್ಷಿನಲ್ಲಿ ಬರೆಯುತ್ತೇನೆ.

ಗೋಡೆಯ ಕೆಲಸ ಸರಿಯಿದ್ದರೆ ಮುಂದಿನದು ಹಗುರ. ಹೊಸ ಗಿಲಾವಿಗೆ 28 ದಿನ ಬಿಡಲೇಬೇಕು. ಹಸಿ ಸಿಮೆಂಟಿನ ಕ್ಷಾರಕ್ಕೆ ಪ್ರಶ್ಯನ್ ನೀಲಿ ಕೆಡುತ್ತದೆ. ಕೆಮ್ಮಣ್ಣು, ಹಳದಿ ಮಣ್ಣಿನಂಥ ಕಬ್ಬಿಣದ ಬಣ್ಣಗಳು ಜಗ್ಗುವುದಿಲ್ಲ. ಗೋಡೆ ಉಪ್ಪು ಕಾರಿದ್ದರೆ ನೀರು ಹಾಕಿ ತೊಳೆಯಬೇಡಿ, ಉಪ್ಪು ಕರಗಿ ಮತ್ತೆ ಒಳಗೇ ಸೇರುತ್ತದೆ. ಒಣ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ಕೆಳಗಿನ ಒಂದೂವರೆ ಅಡಿಗೆ ನೆಲದ ತೇವ ಏರುತ್ತದೆ. ಅಲ್ಲಿ ಮುಖ, ಅಕ್ಷರ ಇಡಬಾರದು. ವಿಜಯಪುರದಲ್ಲಿ ಬಿಸಿಲು 40 ಡಿಗ್ರಿ ದಾಟಿದರೆ ಬಣ್ಣ ಬ್ರಷ್ಷಿನಲ್ಲೇ ಒಣಗಿ ಪಟ್ಟೆ ಉಳಿಯುತ್ತದೆ. ಪಶ್ಚಿಮಕ್ಕೆ ಮುಖ ಮಾಡಿದ ಗೋಡೆಗೆ ಬೆಳಿಗ್ಗೆ, ಪೂರ್ವದ್ದಕ್ಕೆ ಮಧ್ಯಾಹ್ನದ ನಂತರ.

ಅನುಮತಿ ಬಾಯಿಮಾತಿನದ್ದಾದರೆ ಸಾಲದು. ತೆರೆದ ಸ್ಥಳಗಳ ವಿರೂಪ ತಡೆಯಲು 1981ರ ರಾಜ್ಯ ಕಾಯ್ದೆಯಿದೆ, ಪತ್ರ ಕೈಯಲ್ಲಿರಲಿ. ಆ ಪತ್ರವನ್ನೂ, ಮುಗಿದ ವಾರದಲ್ಲೇ ತೆಗೆದ ಫೋಟೊಗಳನ್ನೂ ಗ್ಯಾಲರಿಯ ಕಡತಕ್ಕೆ ಸೇರಿಸುತ್ತೇನೆ. ಮೋಡದ ಬೆಳಕಿನಲ್ಲಿ, ಗೋಡೆಯ ನಡುಮಟ್ಟಕ್ಕೆ ಕ್ಯಾಮೆರಾ ಏರಿಸಿ ತೆಗೆದರೆ ಅಂಚುಗಳು ವಾಲುವುದಿಲ್ಲ.

ಕ್ಯಾನ್ವಾಸಿಗೆ ಎಕ್ಸ್‌ಟೀರಿಯರ್ ಎಮಲ್ಶನ್ (ಹೊರಗೋಡೆಗೆ ಬಳಿಯುವ ಬಣ್ಣ) ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಅದರಲ್ಲಿ ಸುಣ್ಣದ ಪುಡಿಯಂಥ ಫಿಲ್ಲರ್ ಹೆಚ್ಚು, ಉಗುರು ತಾಗಿದರೂ ಬಿಳಿ ಗೀರು ಬೀಳುತ್ತದೆ. ಕಲಾವಿದರ ಅಕ್ರಿಲಿಕ್ಕೇ ಸರಿ. ದಪ್ಪ ಹತ್ತಿ ಕ್ಯಾನ್ವಾಸಿಗೆ ಮೂರು ಕೈ ಜೆಸ್ಸೊ (ಬಣ್ಣ ಹಿಡಿಯಲು ಹಚ್ಚುವ ಬಿಳಿ ತಳಲೇಪ), ಪ್ರತಿ ಕೈ ಒಣಗಿದ ಮೇಲೆ ಸಣ್ಣ ಮರಳುಕಾಗದದ ಉಜ್ಜು. 3 ಅಡಿ ಮೀರಿದ ಚೌಕಟ್ಟಿಗೆ ನಡುವೆ ಅಡ್ಡಪಟ್ಟಿ ಇಲ್ಲದಿದ್ದರೆ ಒಂದೇ ಮಳೆಗಾಲದಲ್ಲಿ ಸೊಟ್ಟಗಾಗುತ್ತದೆ. ವಾರ್ನಿಷ್ ಎರಡು ವಾರ ಬಿಟ್ಟು, ಒಣ ದಿನ ನೋಡಿ. ಬೆಳಗಾವಿಯ ಜುಲೈ ಮಳೆಯಲ್ಲಿ ಹಚ್ಚಿದ ವಾರ್ನಿಷ್ ಹಾಲಿನಂತೆ ಮಂಜಾಗುತ್ತದೆ.

ಸಾಗಣೆಯಲ್ಲಿ ಹಾಳಾಗುವುದೇ ಹೆಚ್ಚು. ಅಕ್ರಿಲಿಕ್ ಬಿಸಿಗೆ ಮೆತ್ತಗಾಗುತ್ತದೆ. ಮುಖಕ್ಕೆ ಮುಖ ತಾಗಿಸಿ ಬೇಸಿಗೆಯ ಬಸ್ಸಿನಲ್ಲಿಟ್ಟರೆ ಎರಡೂ ಅಂಟುತ್ತವೆ. ಬಬಲ್ ಹೊದಿಕೆ ನೇರ ತಾಗಿದರೆ ಗುಳ್ಳೆಗಳ ಅಚ್ಚು ಬಣ್ಣದಲ್ಲೇ ಉಳಿಯುತ್ತದೆ. ಮೊದಲು ಬಣ್ಣಕ್ಕೆ ಅಂಟದ ಸಿಲಿಕೋನ್ ಕಾಗದ, ಆಮೇಲೆ ಬಬಲ್, ಗುಳ್ಳೆ ಹೊರಮುಖವಾಗಿ.

ಬೆಲೆಯನ್ನು ಚದರ ಇಂಚಿನ ಲೆಕ್ಕದಲ್ಲಿ ಕಟ್ಟಿ, ಎಲ್ಲ ಕಡೆ ಒಂದೇ ಇಡಿ. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಜನವರಿಯಲ್ಲಿ ನಡೆಯುವ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಯಲ್ಲಿ ಕೊಳ್ಳುವವರು ನೇರ ಎದುರಿಗಿರುತ್ತಾರೆ. ಅಲ್ಲಿ ಅರ್ಧ ಬೆಲೆಗೆ ಕೊಟ್ಟರೆ, ಮುಂದೆ ಗ್ಯಾಲರಿ ತನ್ನ ಕಮಿಷನ್ ಸೇರಿಸಿ ಪೂರ್ಣ ಬೆಲೆ ಹೇಳಿದಾಗ ಯಾರೂ ಕೊಳ್ಳುವುದಿಲ್ಲ.