ಜರ್ಮನಿಯಲ್ಲಿ ವಾಷಿಂಗ್ ಮೆಷೀನ್ ಕೆಟ್ಟರೆ: ರಿಪೇರಿಯೋ, ಹೊಸದೋ?

ಕಳೆದ ಚಳಿಗಾಲದಲ್ಲಿ ನಮ್ಮ ಪರಿಚಯದ ಕುಟುಂಬವೊಂದು ಡಿಶ್‌ವಾಷರ್ ಕೆಟ್ಟಿತೆಂದು ಎರಡೇ ದಿನದಲ್ಲಿ 550 ಯೂರೋ ಕೊಟ್ಟು ಹೊಸದನ್ನು ತಂದಿತು. ಆಮೇಲೊಂದು ಸಂಜೆ ಮಾತಿಗೆ ಕುಳಿತಾಗ ಬಾಡಿಗೆ ಒಪ್ಪಂದವನ್ನು ತೆರೆದು ನೋಡಿದೆವು. ಒಲೆ, ಫ್ರಿಜ್, ಡಿಶ್‌ವಾಷರ್ ಸಮೇತ ಇಡೀ ಅಡುಗೆಮನೆ ಮನೆಮಾಲೀಕರದೆಂದು ಅದರಲ್ಲಿ ಬರೆದಿತ್ತು. ಸರಿಮಾಡಿಸಿಕೊಡಬೇಕಾಗಿದ್ದವರು ಅವರೇ. ಹೊಸದಾಗಿ ಬಂದ ನಮ್ಮವರು ತಮ್ಮದಲ್ಲದ ಖರ್ಚನ್ನು ಹೀಗೆ ಮೈಮೇಲೆ ಎಳೆದುಕೊಳ್ಳುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ.

ಹಾಗಾಗಿ ರಿಪೇರಿಯೋ ಹೊಸದೋ ಎಂದು ತಲೆಕೆಡಿಸಿಕೊಳ್ಳುವ ಮೊದಲು ಖರ್ಚು ಯಾರದೆಂದು ಕೇಳಿಕೊಳ್ಳಿ.

ಅಡುಗೆಮನೆ ಬಾಡಿಗೆಯ ಜೊತೆಗೇ ಬಂದಿದ್ದರೆ, ಯಂತ್ರ ಕೆಟ್ಟ ಕೂಡಲೇ ಮಾಲೀಕರಿಗೆ ಬರವಣಿಗೆಯಲ್ಲಿ ತಿಳಿಸಿ. ಫೋಟೋ ಹಾಕಿದ ಇಮೇಲ್ ಇದ್ದರೆ ಒಳ್ಳೆಯದು. ಹಲವು ಒಪ್ಪಂದಗಳಲ್ಲಿ ಸಣ್ಣ ರಿಪೇರಿಗಳ ಖರ್ಚು ಬಾಡಿಗೆದಾರರದು ಎಂಬ ಷರತ್ತು ಇರುತ್ತದೆ. ಅದಕ್ಕೆ ಯೂರೋ ಲೆಕ್ಕದಲ್ಲಿ ಒಂದು ಮಿತಿ ಇರಲೇಬೇಕು. ಬಿಲ್ ಆ ಮಿತಿಯನ್ನು ದಾಟಿದರೆ ಪೂರ್ತಿ ಹಣ ಮಾಲೀಕರದು. ಮಿತಿಯಷ್ಟನ್ನು ನೀವು ಕೊಡಿ, ಉಳಿದದ್ದು ನಾನು ಕೊಡುತ್ತೇನೆ ಎಂದು ಅವರು ಹೇಳಿದರೆ ಒಪ್ಪಬೇಡಿ. ಆದರೆ ಹಿಂದಿನ ಬಾಡಿಗೆದಾರರಿಗೆ ಹಣ ಕೊಟ್ಟು ಅಡುಗೆಮನೆಯನ್ನು ಕೊಂಡಿದ್ದರೆ ಅದು ನಿಮ್ಮ ಸ್ವತ್ತು, ಅದರ ರಿಪೇರಿಯೂ ನಿಮ್ಮದೇ.

ಯಂತ್ರ ನಿಮ್ಮದೇ, ಕೊಂಡು ಎರಡು ವರ್ಷ ಆಗಿಲ್ಲ ಎಂದಾದರೆ ಅಂಗಡಿಯ ಕಡೆ ತಿರುಗಿ. ಇಲ್ಲಿ ಎರಡು ಪದಗಳನ್ನು ಬೇರೆಬೇರೆಯಾಗಿ ನೆನಪಿಡಬೇಕು. ‘ಗರಾಂಟಿ’ ಎಂದರೆ ಕಂಪನಿ ತಾನಾಗಿ ಕೊಡುವ ಭರವಸೆ. ಅದರ ಷರತ್ತುಗಳೂ ಕಂಪನಿಯವೇ. ‘ಗೆವೇರ್‌ಲೈಸ್ಟುಂಗ್’ ಎಂದರೆ ಮಾರಿದವರ ಮೇಲೆ ಕಾನೂನು ಹೊರಿಸಿರುವ ಹೊಣೆ. ಹೊಸ ವಸ್ತುವಿಗೆ ಅದರ ಅವಧಿ ಎರಡು ವರ್ಷ. 2022ರ ಜನವರಿ 1ರಿಂದ ಕೊಂಡ ವಸ್ತುಗಳಲ್ಲಿ ಮೊದಲ 12 ತಿಂಗಳೊಳಗೆ ದೋಷ ಕಂಡರೆ, ಅದು ಮೊದಲೇ ಇತ್ತೆಂದು ಕಾನೂನು ಭಾವಿಸುತ್ತದೆ. ಇರಲಿಲ್ಲವೆಂದು ಅಂಗಡಿಯವರೇ ರುಜುವಾತು ಮಾಡಬೇಕು. ಆಮೇಲಿನ ಒಂದು ವರ್ಷ ರುಜುವಾತಿನ ಹೊರೆ ನಿಮ್ಮದು.

ಇದನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ಕಾಫಿ ಯಂತ್ರ ಏಳನೇ ತಿಂಗಳಲ್ಲಿ ನಿಂತಾಗ, ಕಂಪನಿಗೆ ಫೋನ್ ಮಾಡಿ ಎಂದು ಅಂಗಡಿಯವರು ಕೈತೊಳೆದುಕೊಂಡರು. ನಾನು ‘ಗೆವೇರ್‌ಲೈಸ್ಟುಂಗ್’ ಎಂಬ ಪದವನ್ನೇ ಬಳಸಿ, ಎರಡು ವಾರದ ಗಡುವು ಕೊಟ್ಟು ಇಮೇಲ್ ಬರೆದೆ. ಒಂಬತ್ತನೇ ದಿನಕ್ಕೆ ಬೇರೆ ಯಂತ್ರ ಬಂತು. ರಿಪೇರಿ ಬೇಕೋ ಬದಲಿ ಬೇಕೋ ಎಂದು ಆರಿಸುವ ಹಕ್ಕು ಮೊದಲಿಗೆ ಕೊಂಡವರದು. ಆರಿಸಿದ್ದು ವಿಪರೀತ ದುಬಾರಿಯಾದರೆ ಮಾತ್ರ ಅಂಗಡಿ ಅದನ್ನು ನಿರಾಕರಿಸಬಹುದು. ಐರೋಪ್ಯ ಒಕ್ಕೂಟ 2024ರಲ್ಲಿ ರಿಪೇರಿಯ ಹಕ್ಕಿನ ನಿರ್ದೇಶನವನ್ನು ಹೊರಡಿಸಿತು. ಅದರ ಪ್ರಕಾರ, ಬದಲಿ ಕೇಳದೆ ರಿಪೇರಿಯನ್ನು ಆರಿಸಿಕೊಂಡವರಿಗೆ ಈ ಹೊಣೆಯ ಅವಧಿ ಇನ್ನೂ 12 ತಿಂಗಳು ಬೆಳೆಯುತ್ತದೆ. ಸದಸ್ಯ ದೇಶಗಳು ಇದನ್ನು 2026ರ ಜುಲೈ 31ರಿಂದ ಜಾರಿಯಲ್ಲಿಡಬೇಕು.

ಇಷ್ಟೆಲ್ಲ ನೋಡಿಯೂ ಖರ್ಚು ನಿಮ್ಮದೇ ಎಂದಾದರೆ, ಮೆಕ್ಯಾನಿಕ್‌ಗೆ ಫೋನ್ ಮಾಡುವ ಮುನ್ನ ಒಮ್ಮೆ ನೆಲದ ಮೇಲೆ ಕುಳಿತುಕೊಳ್ಳಿ. ವಾಷಿಂಗ್ ಮೆಷೀನ್ ನೀರು ಹೊರಹಾಕದೆ ನಿಂತಿದೆಯೇ? ಪ್ಲಗ್ ಕಿತ್ತು, ನೀರು ತಣ್ಣಗಾಗಲು ಬಿಡಿ. ಮುಂಭಾಗದ ಕೆಳತುದಿಯಲ್ಲಿ ಒಂದು ಸಣ್ಣ ಮುಚ್ಚಳವಿರುತ್ತದೆ. ಅದರ ಹಿಂದೆ ತಿರುಗಿಸಿ ತೆಗೆಯುವ ಬಿರಡೆ. ಅದೇ ಕಸ ಹಿಡಿಯುವ ಜಾಲರಿ. ಕೆಳಗೆ ಒಂದು ತಟ್ಟೆ, ಸುತ್ತ ಹಳೆಯ ಟವೆಲ್ ಇಟ್ಟು ನಿಧಾನವಾಗಿ ತಿರುಗಿಸಬೇಕು. ನಮ್ಮ ಮೆಷೀನಿನಿಂದ ಮೊದಲು ಬೂದು ಬಣ್ಣದ ನೀರು ಸುರಿಯಿತು. ಆಮೇಲೆ ಕೂದಲು ಸುತ್ತಿಕೊಂಡ ನೂಲಿನ ಮುದ್ದೆ, ಅದರೊಳಗೆ ಮಗಳ ಹೇರ್‌ಪಿನ್ನು, 5 ಸೆಂಟಿನ ನಾಣ್ಯ. ತೊಳೆದು ಹಾಕಿದ ಮೇಲೆ ಮೆಷೀನ್ ಮೊದಲಿನಂತೆ ಓಡಿತು. ಹೊಸ ಮೆಷೀನಿನ ಬೆಲೆಗಳನ್ನು ನಾವು ಆಗಲೇ ನೋಡಲು ಶುರುಮಾಡಿದ್ದೆವು.

ಮ್ಯೂನಿಕ್‌ನಂಥ ಗಡಸು ನೀರಿನ ಊರಿನಲ್ಲಿ ಸುಣ್ಣ ಕಟ್ಟಿಕೊಳ್ಳುವುದೇ ದೊಡ್ಡ ಕಾಟ. ಕೆಟಲ್‌ನ ತಳದಲ್ಲಿ ಬಿಳಿ ಪದರ ಕಂಡರೆ ಮೆಷೀನಿನ ಹೀಟರಿನ ಮೇಲೂ ಅದು ಕೂತಿದೆ ಎಂದೇ ತಿಳಿಯಿರಿ.

ಮೆಕ್ಯಾನಿಕ್ ಬೇಕೇ ಬೇಕು ಎಂದಾಗ, ಮನೆಗೆ ಬರುವುದಕ್ಕೇ ಎಷ್ಟು ಹಣ, ಅಂದಾಜುಪಟ್ಟಿಗೆ ಎಷ್ಟು, ರಿಪೇರಿ ಮಾಡಿಸಿದರೆ ಅದನ್ನು ಬಿಲ್ಲಿನಲ್ಲಿ ಕಳೆಯುತ್ತಾರೆಯೇ ಎಂದು ಫೋನಿನಲ್ಲೇ ಕೇಳಿ. ನಿಮ್ಮ ಊರಿನಲ್ಲೇ ಅಂಗಡಿ ಇರುವವರನ್ನು ಕರೆಯಿರಿ. ಹುಡುಕಾಟದಲ್ಲಿ ಮೊದಲು ಬರುವ, ವಿಳಾಸವಿಲ್ಲದ ತುರ್ತು ಸೇವೆಯ ನಂಬರ್‌ಗಳಿಂದ ದೂರವಿರಿ. ಬಿಲ್ ಪಡೆದು ಬ್ಯಾಂಕ್ ಮೂಲಕವೇ ಹಣ ಕಟ್ಟಿ. ಮನೆಯಲ್ಲೇ ನಡೆದ ರಿಪೇರಿಯ ಕೂಲಿ ಮತ್ತು ಬಂದುಹೋದ ಖರ್ಚಿನ 20% ಅನ್ನು ಆದಾಯ ತೆರಿಗೆಯಲ್ಲಿ ನೇರವಾಗಿ ಕಳೆಯಬಹುದು. ವರ್ಷಕ್ಕೆ ಗರಿಷ್ಠ 1,200 ಯೂರೋ. ನಗದು ಕೊಟ್ಟರೆ ಈ ಸೌಲಭ್ಯವಿಲ್ಲ, ಬಿಡಿಭಾಗದ ಬೆಲೆಗೂ ಇಲ್ಲ.

ನಾನು ನಡೆಸಿಕೊಂಡು ಬಂದ ಲೆಕ್ಕ ಇಷ್ಟು: ಮೆಷೀನಿಗೆ ಎಂಟು ವರ್ಷ ಆಗಿರಬಾರದು, ರಿಪೇರಿ ಖರ್ಚು ಅಂಥದೇ ಹೊಸದರ ಅರ್ಧಕ್ಕಿಂತ ಕಡಿಮೆ ಇರಬೇಕು. ಪಂಪ್, ಬಾಗಿಲಿನ ರಬ್ಬರ್, ಮೋಟಾರಿನ ಕಾರ್ಬನ್ ಬ್ರಷ್, ಹೀಟರ್ ಹೋಗಿದ್ದರೆ ರಿಪೇರಿಯೇ ಸರಿ. ಡ್ರಮ್ಮಿನ ಬೇರಿಂಗ್ ಹೋಗಿ, ಡ್ರಮ್ಮನ್ನು ಬಿಚ್ಚಲಾಗದಂತೆ ಬೆಸೆದಿದ್ದರೆ, ಇಲ್ಲವೇ ಹಳೆಯ ಫ್ರಿಜ್ಜಿನ ಕಂಪ್ರೆಸರ್ ಸತ್ತಿದ್ದರೆ ಹಣ ಸುರಿಯಬೇಡಿ. ಬಿಡಿಭಾಗ ಸಿಗುವುದಿಲ್ಲ ಎಂದು ಯಾರಾದರೂ ಹೇಳಿದರೆ ತಕ್ಷಣ ನಂಬಬೇಡಿ. 2021ರ ಮಾರ್ಚ್‌ನಿಂದ ಜಾರಿಯಲ್ಲಿರುವ ಐರೋಪ್ಯ ನಿಯಮದಂತೆ, ವಾಷಿಂಗ್ ಮೆಷೀನಿನ ಮುಖ್ಯ ಬಿಡಿಭಾಗಗಳು ಆ ಮಾದರಿಯ ಕೊನೆಯ ಯಂತ್ರ ಮಾರುಕಟ್ಟೆಗೆ ಬಂದ ಮೇಲೂ ಕನಿಷ್ಠ 10 ವರ್ಷ, ಡಿಶ್‌ವಾಷರ್ ಮತ್ತು ಫ್ರಿಜ್ಜಿನವು 7 ವರ್ಷ ಸಿಗಬೇಕು.

ಹೊಸದನ್ನೇ ತರುವುದಾದರೆ, ಹಳೆಯದನ್ನು ಒಯ್ಯಬೇಕೆಂದು ಆರ್ಡರ್ ಮಾಡುವಾಗಲೇ ತಿಳಿಸಿ. ಮನೆಗೆ ತಂದುಕೊಡುವ ದೊಡ್ಡ ಅಂಗಡಿಗಳು, ಆನ್‌ಲೈನ್ ಆದರೂ ಸರಿ, ಅದೇ ಬಗೆಯ ಹಳೆಯ ಯಂತ್ರವನ್ನು ಉಚಿತವಾಗಿ ಒಯ್ಯಬೇಕು. ರಸ್ತೆ ಬದಿಯಲ್ಲಿ ಬಿಟ್ಟರೆ ದಂಡ ಬೀಳುತ್ತದೆ.

ಊರಿನಿಂದ ತಂದ ಮಿಕ್ಸಿಯ ಮಾತು ಬೇರೆ. ಇಲ್ಲಿಯೂ 230 ವೋಲ್ಟ್, 50 ಹರ್ಟ್ಸ್ ಇರುವುದರಿಂದ ಪ್ಲಗ್ ಅಡಾಪ್ಟರ್ ಸಾಕು. ಆದರೆ ದೋಸೆಹಿಟ್ಟು ರುಬ್ಬುವಾಗ ಕೆಳಗಿನ ಕಪ್ಲರ್ ಸವೆದುಹೋದರೆ, ಇಲ್ಲಿನ ಅಂಗಡಿಯವರಿಗೆ ಅದು ಏನೆಂದೇ ತಿಳಿಯದು. 2009ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹುಟ್ಟಿದ ರಿಪೇರಿ ಕೆಫೆಗಳು ಈಗ ಜರ್ಮನಿಯ ಊರೂರಿನಲ್ಲೂ ಇವೆ. ನಮ್ಮ ಬಡಾವಣೆಯ ಕೆಫೆಯಲ್ಲಿ ನಿವೃತ್ತ ಎಂಜಿನಿಯರ್ ಒಬ್ಬರು ನನ್ನ ಮಿಕ್ಸಿಯನ್ನು ತಿರುವಿ, ಆ ಕಪ್ಪು ರಬ್ಬರ್ ಹಲ್ಲುಗಳನ್ನು ಬೆರಳಿನಿಂದ ಸವರಿ, ಬಿಡಿಭಾಗ ತಂದರೆ ಹತ್ತು ನಿಮಿಷದ ಕೆಲಸ ಎಂದರು. ಆ ಬೇಸಿಗೆಯಲ್ಲಿ ಮೈಸೂರಿನಿಂದ ಮೂರು ಕಪ್ಲರ್ ತಂದೆ. ಒಂದನ್ನು ಅವರು ಹಾಕಿಕೊಟ್ಟರು. ಎರಡು ಇನ್ನೂ ಸಾಸಿವೆ ಡಬ್ಬಿಯ ಪಕ್ಕದಲ್ಲಿವೆ.