ಕಾರ್ಟೂನ್ ಸ್ಪಿನ್‌ಆಫ್ ಹಿಟ್ಟಾ ಫ್ಲಾಪಾ? ಕಲೆಕ್ಷನ್ ನೋಡಿ ನೀವೇ ಹೇಳೋದು ಹೇಗೆ

ಫ್ಯಾಮಿಲಿ ಅನಿಮೇಷನ್ ಸಿನಿಮಾ ಒಂದು ರಿಲೀಸ್ ಆದ್ರೆ ಸಾಕು, ಭಾನುವಾರ ರಾತ್ರಿ ಒಳಗೆ ತೀರ್ಪು ರೆಡಿ, ಒಂದಾ ಬ್ಲಾಕ್‌ಬಸ್ಟರ್ ಇಲ್ಲಾ ಡಿಸಾಸ್ಟರ್. ಅದ್ರಲ್ಲೂ ಸ್ಪಿನ್‌ಆಫ್ ಆದ್ರೆ, ಅಂದ್ರೆ ದೊಡ್ಡ ಸಿನಿಮಾದ ಒಂದು ಪಾತ್ರನ ಎತ್ಕೊಂಡು ಅದಕ್ಕೇ ಅಂತ ಬೇರೆ ಸಿನಿಮಾ ಮಾಡಿದ್ರೆ, ಜನ ಇನ್ನೂ ಅವಸರ ಮಾಡ್ತಾರೆ. ದಯವಿಟ್ಟು ಆ ಅವಸರ ಬೇಡ, ಯಾಕಂದ್ರೆ ಈ ಥರದ ಸಿನಿಮಾಗಳಲ್ಲಿ ಮೊದಲ ಮೂರು ದಿನದ ನಂಬರ್‌ನಷ್ಟು ದಾರಿ ತಪ್ಸೋದು ಇನ್ನೊಂದಿಲ್ಲ.

2022ನ್ನೇ ತಗೊಳ್ಳಿ. ಜೂನ್‌ನಲ್ಲಿ 'ಟಾಯ್ ಸ್ಟೋರಿ'ಯಿಂದ ಹುಟ್ಟಿದ 'ಲೈಟ್‌ಇಯರ್' ಬಂತು, ಅಮೆರಿಕ ಮತ್ತು ಕೆನಡಾದಲ್ಲಿ ಮೊದಲ ವೀಕೆಂಡ್‌ಗೆ ಸುಮಾರು 50 ಮಿಲಿಯನ್ ಡಾಲರ್, ಒಂದು ಮಿಲಿಯನ್ ಅಂದ್ರೆ 10 ಲಕ್ಷ ಅಂತ ಲೆಕ್ಕ ಇಟ್ಕೊಳ್ಳಿ. ಡಿಸೆಂಬರ್‌ನಲ್ಲಿ 'ಶ್ರೆಕ್' ಮನೆತನದ ಬೆಕ್ಕಿನ ಸಿನಿಮಾ 'ಪುಸ್ ಇನ್ ಬೂಟ್ಸ್: ದ ಲಾಸ್ಟ್ ವಿಶ್' ಬಂತು, ಅದರ ಮೊದಲ ಶುಕ್ರ-ಶನಿ-ಭಾನು ಬರೀ 12.4 ಮಿಲಿಯನ್. ಭಾನುವಾರ ರಾತ್ರಿ ತೀರ್ಪು ಕೊಟ್ಟಿದ್ರೆ ಬೆಕ್ಕು ಸೋತಂಗೆ. ಕೊನೆಗೆ ಆಗಿದ್ದೇನು ಅಂದ್ರೆ 'ಲೈಟ್‌ಇಯರ್' ಪ್ರಪಂಚದಾದ್ಯಂತ ಸುಮಾರು 226 ಮಿಲಿಯನ್‌ಗೆ ನಿಂತೋಯ್ತು, ಬೆಕ್ಕು 480 ಮಿಲಿಯನ್ ದಾಟ್ತು.

ಹಾಗಾದ್ರೆ ಎಲ್ಲಿಂದ ಶುರು ಮಾಡ್ಬೇಕು? ಸಿನಿಮಾ ಕಲೆಕ್ಷನ್ ಲೆಕ್ಕ ಕೊಡೋ ವೆಬ್‌ಸೈಟ್‌ಗಳಾದ ಬಾಕ್ಸ್ ಆಫೀಸ್ ಮೋಜೋ ಅಥವಾ ದ ನಂಬರ್ಸ್ ತೆಗೆದು ಮೊದಲ ವೀಕೆಂಡ್ ನಂಬರ್ ಬರ್ಕೊಳ್ಳಿ, ಆದ್ರೆ ಭಾನುವಾರ ಸಿಗೋದು ಅಂದಾಜು ಅಷ್ಟೇ, ಸೋಮವಾರ ಬರೋದೇ ನಿಜವಾದ ಲೆಕ್ಕ. ಆಮೇಲೆ ಒಂದು ವಾರ ಸುಮ್ನೆ ಕಾಯಿರಿ. ಎರಡನೇ ವೀಕೆಂಡ್ ಕಲೆಕ್ಷನ್ ಮೊದಲನೇದಕ್ಕಿಂತ ಎಷ್ಟು ಪರ್ಸೆಂಟ್ ಬಿತ್ತು ಅನ್ನೋದೇ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ನಂಬರ್. ಮಕ್ಕಳ ಸಿನಿಮಾಗೆ ಫ್ಯಾನ್ಸ್ ಮೊದಲನೇ ದಿನ ಮೊದಲನೇ ಶೋಗೆ ನುಗ್ಗಲ್ಲ, ಅಪ್ಪ ಅಮ್ಮನಿಗೆ ರಜಾ ಸಿಗ್ಬೇಕು, ಮಗು ಸ್ಕೂಲಲ್ಲಿ ಇನ್ನೊಂದು ಮಗು ಹೇಳಿದ್ದು ಕೇಳಿಸ್ಕೊಂಡು ಬಂದು ಹಠ ಮಾಡ್ಬೇಕು, ಅಷ್ಟೊತ್ತಿಗೆ ಎರಡನೇ ಶನಿವಾರ ಬಂದಿರುತ್ತೆ. ಅದಕ್ಕೇ ಜನಕ್ಕೆ ಹಿಡಿಸಿದ ಫ್ಯಾಮಿಲಿ ಸಿನಿಮಾ 40 ಪರ್ಸೆಂಟ್ ಆಸುಪಾಸು ಬಿದ್ರೂ ಆರಾಮಾಗಿ ಓಡುತ್ತೆ, 60 ದಾಟಿ ಬಿತ್ತು ಅಂದ್ರೆ ಮಾತ್ರ ಯೋಚ್ನೆ ಮಾಡ್ಬೇಕು. 'ಲೈಟ್‌ಇಯರ್' ಬಿದ್ದಿದ್ದು 60ಕ್ಕಿಂತ ಜಾಸ್ತಿ. 2011ರ ಮೊದಲ 'ಪುಸ್ ಇನ್ ಬೂಟ್ಸ್' 34 ಮಿಲಿಯನ್‌ಗೆ ಓಪನ್ ಆಗಿ ಎರಡನೇ ವಾರನೂ 33 ಮಿಲಿಯನ್ ತಂತು, ಅಂಥದ್ದು ತುಂಬಾನೇ ಅಪರೂಪ.

ಇಲ್ಲಿ ಕ್ಯಾಲೆಂಡರ್ ತೆಗೀದೆ ಇದ್ರೆ ಮತ್ತೆ ಏಮಾರ್ತೀರಿ. 'ದ ಲಾಸ್ಟ್ ವಿಶ್' ಬುಧವಾರನೇ ರಿಲೀಸ್ ಆಗಿತ್ತು, ಅಂದ್ರೆ ಆ 12.4ರಲ್ಲಿ ಮೊದಲ ಎರಡು ದಿನದ ದುಡ್ಡು ಸೇರಿಲ್ಲ, ಅದ್ರ ಮೇಲೆ ಆ ವರ್ಷ ಕ್ರಿಸ್‌ಮಸ್ ಭಾನುವಾರ ಬಂದಿತ್ತು, ಶನಿವಾರ ಕ್ರಿಸ್‌ಮಸ್ ಈವ್, ಆವತ್ತು ಸಂಜೆ ಅಲ್ಲಿ ಯಾರು ಥಿಯೇಟರ್‌ಗೆ ಹೋಗ್ತಾರೆ? ಮುಂದಿನ ವೀಕೆಂಡ್ ಕಲೆಕ್ಷನ್ ಇಳಿಯೋ ಬದಲು ಏರಿ 16 ಮಿಲಿಯನ್ ದಾಟ್ತು. ಸೋ ಪರ್ಸೆಂಟ್ ನೋಡೋ ಮುಂಚೆ ಹಬ್ಬ ಯಾವತ್ತು, ಸ್ಕೂಲ್ ರಜಾ ಇದ್ಯಾ, ಪಕ್ಕದ ಸ್ಕ್ರೀನ್‌ಗೆ ಇನ್ನೊಂದು ಮಕ್ಕಳ ಸಿನಿಮಾ ಯಾವಾಗ ಬರುತ್ತೆ ಅಂತ ಚೆಕ್ ಮಾಡಿ. 'ಲೈಟ್‌ಇಯರ್' ಬಂದ ಎರಡೇ ವಾರಕ್ಕೆ, ಜುಲೈ 1ಕ್ಕೆ, 'ಮಿನಿಯನ್ಸ್: ದ ರೈಸ್ ಆಫ್ ಗ್ರೂ' ಬಂದು ಕೂತ್ಕೊಳ್ತು, ಇನ್ನೆಲ್ಲಿ ಚೇತರಿಸ್ಕೊಳ್ಳೋದು.

ಓಟ ಮುಗಿದ್ಮೇಲೆ ಅಮೆರಿಕದ ಒಟ್ಟು ಕಲೆಕ್ಷನ್‌ನ ಮೊದಲ ವೀಕೆಂಡ್‌ನಿಂದ ಭಾಗಿಸಿ, ಬರೋದೇ ಮಲ್ಟಿಪ್ಲೈಯರ್. 3ರ ಹತ್ರ ಇದ್ರೆ ಪರ್ವಾಗಿಲ್ಲ, 4 ದಾಟಿದ್ರೆ ಬಾಯಿಮಾತು ಕೆಲಸ ಮಾಡಿದೆ. 'ಲೈಟ್‌ಇಯರ್' 118 ಭಾಗಿಸು 50, ಎರಡೂಕಾಲು ಚಿಲ್ಲರೆ. ಬೆಕ್ಕಿಂದು ಸುಮಾರು 186 ಭಾಗಿಸು 12.4, ಹದಿನೈದು! ಬುಧವಾರದ ರಿಲೀಸು, ಹಬ್ಬ ಎಲ್ಲಾ ಕಳೆದ್ರೂ ಇದು ದೊಡ್ಡ ಮಾತು, ಯಾಕಂದ್ರೆ ಜನವರಿ ಮೊದಲ ವಾರದಲ್ಲೇ ಮನೇಲಿ ದುಡ್ಡು ಕೊಟ್ಟು ನೋಡೋ ಹಂಗೆ ಡಿಜಿಟಲ್‌ನಲ್ಲಿ ಬಿಟ್ಟಿದ್ರು, ಆದ್ರೂ ಥಿಯೇಟರ್‌ಗೆ ಜನ ಹೋಗ್ತಾನೇ ಇದ್ರು.

ಈಗ ಲಾಭದ ಲೆಕ್ಕ. ಗ್ರಾಸ್ ಅಂದ್ರೆ ಟಿಕೆಟ್ ಮಾರಿ ಬಂದ ಒಟ್ಟು ದುಡ್ಡು, ಶೇರ್ ಅಂದ್ರೆ ಅದ್ರಲ್ಲಿ ಸ್ಟುಡಿಯೋ ಕೈಗೆ ಸಿಗೋ ಪಾಲು, ಎರಡೂ ಬೇರೆ ಬೇರೆ, ಇದನ್ನ ಮರೀಬೇಡಿ. ಟಿಕೆಟ್ ದುಡ್ಡೆಲ್ಲಾ ಸ್ಟುಡಿಯೋಗೆ ಹೋಗಲ್ಲ, ಅಮೆರಿಕದಲ್ಲಿ ಹೆಚ್ಚುಕಮ್ಮಿ ಅರ್ಧ, ಹೊರದೇಶಗಳಲ್ಲಿ 40 ಪರ್ಸೆಂಟ್ ಹತ್ರ, ಚೀನಾದಲ್ಲಿ ಕಾಲು ಭಾಗ ಅಂತ ಹಿಡ್ಕೊಂಡ್ರೆ ಅಂದಾಜಿಗೆ ಸಾಕು. 'ಲೈಟ್‌ಇಯರ್'ಗೆ 118ರಲ್ಲಿ ಅರ್ಧ 59, ಹೊರಗಿನ 108ರಲ್ಲಿ 43, ಒಟ್ಟು ನೂರರ ಆಸುಪಾಸು, ಬಜೆಟ್ ನೋಡಿದ್ರೆ 200 ಮಿಲಿಯನ್, ಪಬ್ಲಿಸಿಟಿ ಖರ್ಚು ಇನ್ನೂ ಸೇರ್ಸೇ ಇಲ್ಲ. ಬೆಕ್ಕಿಗೆ ಇದೇ ಥರ ಹಾಕಿದ್ರೆ 200 ದಾಟುತ್ತೆ, ಬಜೆಟ್ ಬರೀ 90. ಇಷ್ಟೆಲ್ಲಾ ಗುಣಾಕಾರ ಬೇಡ ಅನ್ನೋರು ಪ್ರಪಂಚದಾದ್ಯಂತದ ಗ್ರಾಸ್ ಬಜೆಟ್‌ಗೆ ಎರಡೂವರೆ ಪಟ್ಟು ಬಂತಾ ಅಂತ ನೋಡಿದ್ರೂ ಆಯ್ತು.

ಇನ್ನೊಂದು, ಮೂಲ ಸಿನಿಮಾ ಜೊತೆ ಹೋಲಿಸೋವಾಗ ಹುಷಾರಾಗಿರಿ. ಸ್ಪಿನ್‌ಆಫ್ ಅಂದ್ರೆ ಮೂಲಕ್ಕಿಂತ ಕಮ್ಮಿ ಬರೋದು ಸಹಜ, ಅದಕ್ಕೇ ಬಜೆಟ್ಟೂ ಕಮ್ಮಿ ಇರ್ಬೇಕು. ಉಲ್ಟಾ ಆಗಿದ್ದೂ ಇದೆ, 2015ರ 'ಮಿನಿಯನ್ಸ್' 74 ಮಿಲಿಯನ್ ಬಜೆಟ್‌ನಲ್ಲಿ 1.1 ಬಿಲಿಯನ್ ದಾಟಿ ತಾನು ಹುಟ್ಟಿದ 'ಡೆಸ್ಪಿಕಬಲ್ ಮಿ'ಯ ಎರಡರಷ್ಟು ಬಾಚ್ಕೊಳ್ತು. ಕಾರಣ ಸಿಂಪಲ್, ಆ ಹಳದಿ ಬೊಂಬೆಗಳು ಮೊದಲ ಸಿನಿಮಾದಲ್ಲೇ ಮಕ್ಕಳ ಫೇವರಿಟ್, ಅವು ಆಡೋ ಭಾಷೆ ಯಾವ ದೇಶದ್ದೂ ಅಲ್ಲ, ಹಂಗಾಗಿ ಎಲ್ಲಾ ದೇಶದ ಮಕ್ಕಳೂ ನಗ್ತಾರೆ. 'ಲೈಟ್‌ಇಯರ್'ನಲ್ಲಿ ಇದ್ದಿದ್ದು ಮಕ್ಕಳು ಪ್ರೀತಿಸಿದ ಆಟಿಕೆ ಅಲ್ಲ, ಆ ಆಟಿಕೆಗೆ ಮೂಲವಾದ ಕಥೆಯೊಳಗಿನ ಮನುಷ್ಯ, ಇದನ್ನ ಆರು ವರ್ಷದ ಮಗುಗೆ ಪೋಸ್ಟರ್ ತೋರ್ಸಿ ಹೆಂಗೆ ಅರ್ಥ ಮಾಡ್ಸೋದು ಹೇಳಿ. ಜೊತೆಗೆ ಅದಕ್ಕೂ ಮುಂಚೆ ಅದನ್ನ ಮಾಡಿದ ಸ್ಟುಡಿಯೋ ಪಿಕ್ಸಾರ್‌ದು ಮೂರು ಸಿನಿಮಾ ಅಮೆರಿಕದಲ್ಲಿ ಥಿಯೇಟರ್ ಬಿಟ್ಟು ಸೀದಾ ಮನೇಲಿ ನೋಡೋ ಸ್ಟ್ರೀಮಿಂಗ್ ಆ್ಯಪ್ ಡಿಸ್ನಿ ಪ್ಲಸ್‌ಗೇ ಬಂದಿದ್ವು, ಇದೂ ಮನೆಗೇ ಬರುತ್ತೆ ಬಿಡು ಅಂತ ತುಂಬಾ ಜನ ಕಾದಿರ್ತಾರೆ ಅನ್ನೋದು ನನ್ನ ಅನಿಸಿಕೆ.

ಇಷ್ಟು ಲೆಕ್ಕ ಹಾಕಿದ್ರೂ ಒಂದು ದುಡ್ಡು ಈ ಪಟ್ಟಿಯಲ್ಲಿ ಕಾಣಲ್ಲ, ಆಟಿಕೆ ಮಾರಾಟದ್ದು. 2013ರ 'ಪ್ಲೇನ್ಸ್', 'ಕಾರ್ಸ್' ಲೋಕದ್ದು, ಮೊದ್ಲು ಸೀದಾ ಡಿವಿಡಿಗೆ ಅಂತ ಶುರುವಾದ ಸಿನಿಮಾ, 50 ಮಿಲಿಯನ್‌ನಲ್ಲಿ ಮಾಡಿ ಥಿಯೇಟರ್‌ಗೆ ಬಿಟ್ರು, 200 ಮಿಲಿಯನ್ ಮೇಲೆ ಬಂತು, ಅಂಗಡಿಯಲ್ಲಿ ಮಾರಿದ ಪುಟ್ಟ ವಿಮಾನಗಳ ಲೆಕ್ಕ ಬೇರೆನೇ. ಮರುವರ್ಷವೇ ಎರಡನೇ ಭಾಗ ಬಂದಾಗ ಟಿಕೆಟ್ ಕಲೆಕ್ಷನ್ ಚೆನ್ನಾಗೇ ಇಳೀತು. ಹಂಗಾಗಿ ನಿಮ್ಮ ಶೀಟ್‌ನಲ್ಲಿ ಕೊನೇ ಕಾಲಮ್ ಒಂದನ್ನ ಖಾಲಿ ಬಿಟ್ಟಿಡಿ, ಸೀಕ್ವೆಲ್ ಬಂತಾ, ಬಂದಾಗ ಮೊದಲ ವೀಕೆಂಡ್ ಹೆಂಗಿತ್ತು ಅಂತ ಅಲ್ಲಿ ತುಂಬ್ಸಿ.