ಅಪ್ಪನ ಎಲ್‌ಪಿಗಳನ್ನ ಲ್ಯಾಪ್‌ಟಾಪಿಗೆ ಇಳಿಸಿದ್ದು

ಅಪ್ಪನ ಹತ್ರ ಒಂದು ನಲವತ್ತು ಎಲ್‌ಪಿ, ಅಂದ್ರೆ ಹಳೇ ಕಾಲದ ದೊಡ್ಡ ಹಾಡಿನ ಪ್ಲೇಟುಗಳು ಇದ್ವು, ಜಾಸ್ತಿ ಹಿಂದೂಸ್ತಾನಿನೇ, ಮನ್ಸೂರರದ್ದು ಭೀಮಸೇನ ಜೋಶಿಯವರದ್ದು, ಜೊತೆಗೆ ಸಿನಿಮಾ ಹಾಡಿನ, ನಿಮಿಷಕ್ಕೆ 45 ಸುತ್ತು ತಿರುಗೋ ಸಣ್ಣ ಪ್ಲೇಟುಗಳು. ಹೋದ ಮಳೆಗಾಲದಲ್ಲಿ ಅಟ್ಟದಿಂದ ಇಳಿಸಿದ್ರೆ ಕವರ್ ಒಳಗೆಲ್ಲ ಬೂಷ್ಟು. ತಮ್ಮ ಅಂದ, ಎಲ್ಲಾ ನೆಟ್ಟಲ್ಲೇ ಸಿಗತ್ತಲ್ಲ ಅಣ್ಣ, ಯಾಕೆ ಒದ್ದಾಡ್ತೀಯ ಅಂತ. ಹುಡುಕಿದೆ, ಅರ್ಧ ಸಿಗಲಿಲ್ಲ.

ಮೊದಲು ಮಾಡಿದ ದಡ್ಡತನ ಹೇಳ್ಬಿಡ್ತೀನಿ. ಪ್ಲೇಟ್ ಓಡಿಸೋ ಟರ್ನ್‌ಟೇಬಲ್ಲಿನ ವೈರನ್ನ ಸೀದಾ ಲ್ಯಾಪ್‌ಟಾಪಿನ ಮೈಕ್ ತೂತಿಗೆ ಚುಚ್ಚಿದೆ, ಡಬ್ಬದೊಳಗೆ ಕೂತು ಹಾಡಿದ ಹಾಗೆ ಬಂತು, ಬೇಸ್ ಅನ್ನೋದೇ ಇಲ್ಲ. ಆಮೇಲೆ ಗೊತ್ತಾಯ್ತು, ಪ್ಲೇಟ್ ಕೊರೆಯೋವಾಗ ಬೇಸ್ ಇಳಿಸಿ ಟ್ರೆಬಲ್ ಏರಿಸಿರ್ತಾರೆ, ಇಲ್ಲಾಂದ್ರೆ ಗೆರೆ ಅಗಲ ಆಗಿ ಒಂದು ಸೈಡಲ್ಲಿ ಇಪ್ಪತ್ತು ನಿಮಿಷ ಹಿಡಿಸೋದೇ ಇಲ್ಲ. ಕೇಳೋವಾಗ ಅದನ್ನ ಉಲ್ಟಾ ಮಾಡ್ಬೇಕು, ಅದಕ್ಕೆ ಆರ್‌ಐಎಎ ಕರ್ವ್ ಅಂತಾರೆ. ಮುಳ್ಳಿಂದ ಬರೋ ಸಿಗ್ನಲ್ಲೂ ಬರೀ 5 ಮಿಲಿವೋಲ್ಟ್ ಆಸುಪಾಸು. ಹಾಗಾಗಿ ಸಿಗ್ನಲ್ ದೊಡ್ಡದು ಮಾಡಿ ಈ ಕರ್ವನ್ನೂ ಸರಿ ಮಾಡೋ ಫೋನೋ ಪ್ರೀಆಂಪ್ ಬೇಕೇ ಬೇಕು. ಪ್ರೀಆಂಪ್ ಒಳಗೇ ಇರೋ ಒಂದು ಯುಎಸ್‌ಬಿ ಡಬ್ಬಿ ತಂದೆ. ಅದರ ಸ್ಕ್ರೂಗೆ ಟರ್ನ್‌ಟೇಬಲ್ಲಿನ ಸಣ್ಣ ಅರ್ತ್ ವೈರ್ ಕಟ್ಟಿದ ಮೇಲೆ ಗುಂಯ್ ಅನ್ನೋದೂ ನಿಂತೋಯ್ತು.

ತೊಳೆಯೋದಕ್ಕೆ ನಮ್ಮ ಬೋರ್‌ವೆಲ್ ನೀರು ಬೇಡ, ಒಣಗಿದ್ರೆ ಬಿಳಿ ಕಲೆ ಕೂತ್ಕೊಳತ್ತೆ. ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರು, ಒಂದು ತೊಟ್ಟು ಪಾತ್ರೆ ತೊಳೆಯೋ ಲಿಕ್ವಿಡ್ಡು, ಮೆತ್ತಗಿನ ಬ್ರಷ್ಷು, ಗೆರೆ ಹೋದ ದಿಕ್ಕಲ್ಲೇ ತಿಕ್ಕಿ, ಲೇಬಲ್ ಮಾತ್ರ ನೆನೆಸದೆ, ಪಾತ್ರೆ ಸ್ಟ್ಯಾಂಡಲ್ಲಿ ನಿಲ್ಲಿಸಿ ಒಣಗಿಸಿದೆ.

ರೆಕಾರ್ಡಿಂಗಿಗೆ ಆಡಾಸಿಟಿ ಅನ್ನೋ ಪ್ರೋಗ್ರಾಂ, ಫ್ರೀ ಸಿಗತ್ತೆ. ಜೋರಾಗಿ ಹಾಡೋ ಕಡೆನೂ ಮೈನಸ್ 6 ಡೆಸಿಬೆಲ್ ದಾಟದ ಹಾಗೆ ಲೆವೆಲ್ ಇಟ್ಟೆ, ಸೊನ್ನೆ ದಾಟಿದ್ರೆ ಸದ್ದು ಒಡೆಯತ್ತೆ. ಮೊದಲ ನಾಲ್ಕು ಪ್ಲೇಟು ತುಂಬಾ ಹೈ ಕ್ವಾಲಿಟಿ ಸೆಟ್ಟಿಂಗಲ್ಲಿ, 24 ಬಿಟ್ 96 ಕಿಲೋಹರ್ಟ್ಸಲ್ಲಿ ಮಾಡ್ದೆ, ನಿಮಿಷಕ್ಕೆ ಹತ್ತಿರಹತ್ತಿರ 35 ಎಂಬಿ ತಿಂತು, ಕೇಳೋದಕ್ಕೆ ನನ್ನ ಕಿವಿಗೆ ಏನೂ ವ್ಯತ್ಯಾಸ ಇಲ್ಲ, ಸರಿ ಅಂತ 44.1ಕ್ಕೆ ಇಳಿದೆ. ಇದನ್ನ ಫಾಸ್ಟಾಗಿ ಓಡಿಸೋ ಹಾಗಿಲ್ಲ, ಇಪ್ಪತ್ತು ನಿಮಿಷದ ಸೈಡಿಗೆ ಇಪ್ಪತ್ತು ನಿಮಿಷ ಕೂರಲೇಬೇಕು. ಫ್ರಿಜ್ಜು ಆನ್ ಆದಾಗೆಲ್ಲ ರೆಕಾರ್ಡಿಂಗಲ್ಲಿ ಟಪ್ ಅಂತಿತ್ತು, ಕೊನೆಗೆ ಅದನ್ನೂ ಆಫ್ ಮಾಡಿ ಹಾಲು ಒಡೆದು ಬೈಸ್ಕೊಂಡೆ.

ನಿಜವಾಗಿ ಕೆಟ್ಟಿದ್ದು ಕ್ಲೀನ್ ಮಾಡೋಕೆ ಹೋದಾಗ. ಹಿಂದಿನ ಗಲಾಟೆ ತೆಗೆಯೋ ನಾಯ್ಸ್ ರಿಡಕ್ಷನ್‌ಗೆ ಹಾಡಿಲ್ಲದ ಖಾಲಿ ಜಾಗದ್ದು ಒಂದು ಸ್ಯಾಂಪಲ್ ಕೊಡ್ಬೇಕು, ಹಾಡು ಶುರುವಾಗೋ ಮುಂಚಿನ ಎರಡು ಸೆಕೆಂಡ್ ಕೊಟ್ಟೆ. ಅಲ್ಲಿ ತಂಬೂರಿ ಮೆಲ್ಲಗೆ ಆಗಲೇ ಶುರುವಾಗಿತ್ತು! ಪ್ರೋಗ್ರಾಂ ತಂಬೂರಿನೇ ಗಲಾಟೆ ಅಂದ್ಕೊಂಡು ಇಡೀ ರಾಗದಿಂದ ಕಿತ್ತುಹಾಕ್ತು, ಮನ್ಸೂರರು ಶ್ರುತಿನೇ ಇಲ್ಲದೆ ಒಬ್ಬರೇ ಹಾಡ್ತಿದಾರೆ. ಗೀರಿನ ಟಪ್ ತೆಗೆಯೋ ಕ್ಲಿಕ್ ರಿಮೂವಲ್ ಜೋರು ಮಾಡಿದ್ರೆ ತಬಲಾದ ಏಟು ಮೊಂಡಾಗತ್ತೆ, ಪ್ರೋಗ್ರಾಂಗೆ ಗೀರಿನ ಸದ್ದೂ ತಬಲಾ ಏಟೂ ಒಂದೇ ಥರ ಕಾಣ್ಸತ್ತೆ ಅನ್ಸತ್ತೆ. ಆಮೇಲೆ ಎರಡೂ ಬಿಟ್ಟೆ. ಕಿವಿಗೆ ಹೊಡೆಯೋ ದೊಡ್ಡ ಟಪ್‌ಗಳನ್ನ ಮಾತ್ರ ಝೂಮ್ ಮಾಡಿ ರಿಪೇರ್ ಕೊಟ್ಟು ತೆಗೆದೆ, ಅದು ಒಂದು ಸಲಕ್ಕೆ 128 ಸ್ಯಾಂಪಲ್ಲಿಗಿಂತ, ಅಂದ್ರೆ ಸೆಕೆಂಡಿನ ಒಂದು ಸಣ್ಣ ಚೂರಿಗಿಂತ ಜಾಸ್ತಿ ಮುಟ್ಟಲ್ಲ, ಒಳ್ಳೇದೇ ಆಯ್ತು. ಸಣ್ಣ ಚರಚರ ಇದ್ರೆ ಇರಲಿ.

ಸದ್ದಲ್ಲಿ ಏನೂ ಕಳೀದೆ ಕುಗ್ಗಿಸೋ ಫ್ಲ್ಯಾಕ್ ಫೈಲ್ ಆಗಿ ಎರಡು ಹಾರ್ಡ್‌ಡಿಸ್ಕಲ್ಲಿ ಇಟ್ಟಿದೀನಿ, ಅಮ್ಮನ ಪೆನ್‌ಡ್ರೈವಿಗೆ ಎಂಪಿ3. ತಾತನ ಕಾಲದ 78ರ ಪ್ಲೇಟುಗಳು ಇನ್ನೂ ಮಂಚದ ಕೆಳಗೇ ಇವೆ, ಅದರ ಗೆರೆ ಅಗಲ, ಎಲ್‌ಪಿ ಮುಳ್ಳು ತಳಕ್ಕೆ ಹೋಗಿ ಬರೀ ಕರಕರ ಅನ್ನತ್ತೆ, 3 ಮಿಲ್ (ಇಂಚಿನ ಸಾವಿರದಲ್ಲಿ ಮೂರು ಪಾಲು) ದಪ್ಪದ ಮುಳ್ಳು ಬೇಕು. ಸ್ಪಿರಿಟ್ ಹಾಕಿ ಒರೆಸೋಕೂ ಆಗಲ್ಲ, ಅವು ಅರಗಿನವು, ಕರಗಿ ಹೋಗತ್ತೆ. ಮುಳ್ಳಿಗೆ ಆರ್ಡರ್ ಹಾಕಿದೀನಿ.